ಗೋಧಿ ಬೆಳೆಯದ ನಾಡಿನಲ್ಲಿ ಗೋಧಿ ಕ್ರಾಂತಿಯ ಲೆಕ್ಕ

ಕೇರಳದಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ಗೋಧಿ ಬೆಳೆಯುವುದಿಲ್ಲ. ಗೋಧಿ ಬೇಡುವ ಒಣ ಚಳಿ ಆ ಕರಾವಳಿಯಲ್ಲಿಲ್ಲ. ಹಾಗಿದ್ದೂ ಸುಧಾರಿತ ಗೋಧಿ ತಳಿಗಳು ಬಡ ದೇಶಗಳ ಹಸಿವನ್ನು ಎಷ್ಟರಮಟ್ಟಿಗೆ ನೀಗಿಸಿದವು ಎಂದು ಕೇಳುವವರು ಲೂಧಿಯಾನಕ್ಕೆ ಹೋಗುವಂತೆಯೇ ಕೊಚ್ಚಿಗೂ ತಿರುವನಂತಪುರಕ್ಕೂ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಪಂಜಾಬಿನ ಮಂಡಿಗಳಲ್ಲಿ ಗುಡ್ಡೆ ಬಿದ್ದ ಗೋಧಿಯನ್ನು ಕಂಡವರು ಆ ಬೀಜವನ್ನು ಕೊಂಡಾಡುತ್ತಾರೆ. ಅದೇ ಪಂಜಾಬಿನಲ್ಲಿ ಪಾತಾಳಕ್ಕಿಳಿದ ಕೊಳವೆಬಾವಿಗಳನ್ನು ಕಂಡವರು ಅದನ್ನೇ ದೂರುತ್ತಾರೆ. ಇಬ್ಬರೂ ಬೆಳೆದವರ ಕಡೆಯಿಂದ ನೋಡುತ್ತಾರೆ. ಉಣ್ಣುವವರ ಕಡೆಯಿಂದ, ಅದರಲ್ಲೂ ಬೆಳೆಯದೆ ಉಣ್ಣುವವರ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ಬೇರೊಂದು ಉತ್ತರ ಕಾಣುತ್ತದೆ.

ಕೇರಳದ ಹಸಿವಿನ ಕಥೆ ಅಕ್ಕಿಯಿಂದ ಶುರುವಾಗುತ್ತದೆ. ಸ್ವಾತಂತ್ರ್ಯಕ್ಕೆ ಮುಂಚೆ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳು ತೆಂಗಿನ ನಾರು, ಗೇರುಬೀಜ, ಮೆಣಸು, ಚಹಾ ಹೊರಗೆ ಮಾರಿ ಬರ್ಮಾದ ಅಕ್ಕಿ ತರಿಸಿ ಉಣ್ಣುತ್ತಿದ್ದವು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಅಕ್ಕಿಯ ಹಡಗುಗಳು ನಿಂತವು. ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಮರಳದಂಡೆ ಕಡಿಸಿ ಹೂಳೆತ್ತಿಸಿದ ಮೇಲೆ 1928ರಲ್ಲಿ ದೊಡ್ಡ ಹಡಗುಗಳಿಗೆ ತೆರೆದುಕೊಂಡಿದ್ದ ಕೊಚ್ಚಿ ಬಂದರು ಯುದ್ಧದ ಸರಕಿನಿಂದ ಗಿಜಿಗುಡುತ್ತಿತ್ತು, ಊಟದ ಸರಕು ಮಾತ್ರ ಇರಲಿಲ್ಲ. ಅತಿ ಹೆಚ್ಚು ಸೊರಗಿದ್ದು ಕೊಚ್ಚಿಗೆ ದಕ್ಷಿಣದಲ್ಲಿರುವ ಚೇರ್ತಲದಂಥ ಕಡಲಂಚಿನ ತಾಲ್ಲೂಕುಗಳು. ಗದ್ದೆ ಕಡಿಮೆ ಇದ್ದು, ನಾರಿನ ಕೂಲಿಯನ್ನೇ ನಂಬಿದ್ದ ಜನರಿಗೆ ಕೂಲಿಯೂ ಹೋಯಿತು, ಅಕ್ಕಿಯೂ ಹೋಯಿತು. 1943ರಲ್ಲಿ ಹಸಿವಿನ ಬೆನ್ನಿಗೆ ಕಾಲರಾ ಬಂತು. ಅದೇ ವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರಿಂದ ತಿರುವಾಂಕೂರಿನ ಈ ಸಾವುಗಳನ್ನು ಚರಿತ್ರೆಯ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಟ್ಟಿವೆ.

ಆ ದಿನಗಳಲ್ಲಿ ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ, ಅಂದರೆ ಇಂದಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಒಬ್ಬ ಹುಡುಗ ಪ್ರಾಣಿಶಾಸ್ತ್ರ ಓದುತ್ತಿದ್ದ. ಹುಟ್ಟಿದ್ದು 1925ರಲ್ಲಿ ಕುಂಭಕೋಣದಲ್ಲಿ, ಮನೆತನದ ಬೇರು ಕುಟ್ಟನಾಡಿನ ಮಂಕೊಂಬು. ತಂದೆ ವೈದ್ಯರು, ಮಗನೂ ವೈದ್ಯನಾಗಲಿ ಎಂಬುದು ಮನೆಯವರ ಬಯಕೆ. ಬಂಗಾಳದ ಕ್ಷಾಮದ ಸುದ್ದಿ ಓದಿದ ಮೇಲೆ ಆತ ಆ ದಾರಿ ಬಿಟ್ಟು ಕೊಯಮತ್ತೂರಿನ ಕೃಷಿ ಕಾಲೇಜು ಸೇರಿದ. ಆ ಹುಡುಗ, ಮುಂದೆ ಕೃಷಿ ವಿಜ್ಞಾನಿಯಾದ ಎಂ.ಎಸ್. ಸ್ವಾಮಿನಾಥನ್, ಗೋಧಿಗೆ ಬಂದದ್ದು ಹೀಗೆ: ಅಕ್ಕಿ ಉಣ್ಣುವ, ಹೊರಗಿನ ಅಕ್ಕಿ ನಿಂತರೆ ಉಪವಾಸ ಬೀಳುವ ನಾಡಿನಿಂದ. ಸಾಗಾಟ ನಿಂತಾಗ ಹಸಿವು ಹೇಗೆ ಬರುತ್ತದೆ ಎಂಬುದನ್ನು ಹರೆಯದಲ್ಲೇ ಕಂಡವರು ಅವರು. ಮುಂದೆ ಅವರನ್ನು ಬರೀ ಇಳುವರಿಯ ಮನುಷ್ಯ ಎಂದು ಹೊಗಳಿದವರೂ ತೆಗಳಿದವರೂ ಇದನ್ನು ಮರೆತಂತಿದೆ.

ಗೋಧಿಯಲ್ಲಿ ಆಗಿದ್ದೇನು? ನಮ್ಮ ಹಳೆಯ ಗೋಧಿ ಎದೆಮಟ್ಟ ಬೆಳೆಯುತ್ತಿತ್ತು. ಗೊಬ್ಬರ, ನೀರು ಹೆಚ್ಚಿಗೆ ಕೊಟ್ಟರೆ ತೆನೆ ತೂಗಿ, ಕಾಂಡ ತಾಳಲಾರದೆ ಇಡೀ ಪೈರು ಮಲಗಿಬಿಡುತ್ತಿತ್ತು. ಜಪಾನಿನಲ್ಲಿ ಗೊಂಜಿರೊ ಇನಾಜುಕಾ 1935ರಲ್ಲಿ ಬಿಡುಗಡೆ ಮಾಡಿದ ‘ನೋರಿನ್ 10’ ಎಂಬ ಗಿಡ್ಡ ಗೋಧಿ ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೋಯಿತು. ಅಲ್ಲಿ ಆರ್ವಿಲ್ ವೋಗೆಲ್ ಅದನ್ನು ಕೂಡುತಳಿಗೆ ಬಳಸಿದರು. ಅವರಿಂದ ಬೀಜ ಪಡೆದ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ತುಕ್ಕುರೋಗ ತಡೆಯುವ ತಮ್ಮ ಗೋಧಿಗಳೊಂದಿಗೆ ಅದನ್ನು ಬೆರೆಸಿದರು. ಗಿಡ್ಡತನ ಕೊಡುವ ಈ ಜೀನುಗಳು ಗಿಡವನ್ನು ಉದ್ದಕ್ಕೆ ಎಳೆಯುವ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಮಾತನ್ನು ಗಿಡ ಕೇಳದಂತೆ ಮಾಡುತ್ತವೆ. ಕಾಂಡಕ್ಕೆ ಹೋಗಬೇಕಿದ್ದ ಸತ್ವ ಕಾಳಿಗೆ ಹೋಗುತ್ತದೆ. ಗಿಡ ಬೀಳುವುದಿಲ್ಲವಾದ್ದರಿಂದ ಗೊಬ್ಬರ ಹಾಕಿದಷ್ಟೂ ಫಲ ಸಿಗುತ್ತದೆ.

ಈ ಬೆರಕೆಯ ಕೆಲಸ ಎಷ್ಟು ನಾಜೂಕಿನದು ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಗೋಧಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಹೊಟ್ಟಿನೊಳಗೆ ಮುಚ್ಚಿಕೊಂಡಿರುತ್ತವೆ. ಹೂ ತನ್ನನ್ನು ತಾನೇ ಫಲಿಸಿಕೊಳ್ಳುತ್ತದೆ. ತಳಿ ಬೆರೆಸುವವರು ಎಳೆಯ ತೆನೆಯನ್ನು ಕೈಯಲ್ಲಿ ಹಿಡಿದು, ಪ್ರತಿ ಹೂವಿನ ಹೊಟ್ಟು ಸರಿಸಿ, ಒಳಗಿನ ಮೂರು ಪರಾಗಕೋಶಗಳನ್ನು ಅವು ಹಸಿರಾಗಿರುವಾಗಲೇ ಚಿಮಟದಿಂದ ಎತ್ತಿ ತೆಗೆಯಬೇಕು. ಒಂದು ಉಳಿದರೂ ಶ್ರಮ ವ್ಯರ್ಥ. ಆಮೇಲೆ ತೆನೆಗೆ ಕಾಗದದ ಚೀಲ ಕಟ್ಟಿ, ಕೆಲವು ದಿನ ಬಿಟ್ಟು ಬೇರೆ ತಳಿಯ ಪರಾಗವನ್ನು ಉದುರಿಸಬೇಕು. ಹೀಗೆ ಬಂದ ಕೆಲವೇ ಕಾಳುಗಳನ್ನು ಬಿತ್ತಿ, ಆರಿಸಿ, ಮತ್ತೆ ಬಿತ್ತಿ, ಒಂದು ತಳಿ ನಿಲ್ಲುವ ಹೊತ್ತಿಗೆ ಹತ್ತು ವರ್ಷವಾದರೂ ಹಿಡಿಯುತ್ತದೆ. ಬೋರ್ಲಾಗ್ ಮೆಕ್ಸಿಕೊದಲ್ಲಿ ಎರಡು ಭಿನ್ನ ಹವೆಯ ಊರುಗಳಲ್ಲಿ ವರ್ಷಕ್ಕೆರಡು ಬೆಳೆ ತೆಗೆದು ಆ ಅವಧಿಯನ್ನು ಅರ್ಧಕ್ಕಿಳಿಸಿದರು. ಹಾಗೆ ಮಾಡಿದ್ದರಿಂದ ಇನ್ನೊಂದು ಲಾಭವಾಯಿತು. ಹಗಲಿನ ಉದ್ದ ಎಷ್ಟೇ ಇರಲಿ ಹೂ ಬಿಡುವ, ಎಲ್ಲಿಗೆ ಒಯ್ದರೂ ಬೆಳೆಯುವ ಗೋಧಿ ಸಿಕ್ಕಿತು.

ಸ್ವಾಮಿನಾಥನ್ ಅವರ ಆಹ್ವಾನದ ಮೇಲೆ ಬೋರ್ಲಾಗ್ 1963ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದು ಉತ್ತರದ ಹೊಲಗಳನ್ನು ಸುತ್ತಿದರು. ಹಿಂದಿರುಗಿ ಬೀಜ ಕಳಿಸಿದರು. 1964ರ ಹಿಂಗಾರಿನಲ್ಲಿ ರೈತರ ಹೊಲಗಳಲ್ಲೇ ಪ್ರಾತ್ಯಕ್ಷಿಕೆ ನಡೆಯಿತು. ಕೃಷಿ ಸಚಿವ ಸಿ. ಸುಬ್ರಮಣ್ಯಂ ಯೋಜನಾ ಆಯೋಗದ ಮತ್ತು ಹಣಕಾಸಿನವರ ಅನುಮಾನಗಳನ್ನು ದಾಟಿ, 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ‘ಲರ್ಮಾ ರೋಹೊ’ ಬೀಜ ತರಿಸಿದರು. 1964–65ರಲ್ಲಿ ಸುಮಾರು 1.23 ಕೋಟಿ ಟನ್ ಇದ್ದ ದೇಶದ ಗೋಧಿ 1967–68ರಲ್ಲಿ 1.65 ಕೋಟಿ ಟನ್ನಿಗೆ, 1970ರ ಹೊತ್ತಿಗೆ 2 ಕೋಟಿ ಟನ್ನಿಗೆ ಏರಿತು. ಈಗ ಅದು 11 ಕೋಟಿ ಟನ್ ದಾಟಿದೆ.

ಮೆಕ್ಸಿಕೊದ ಗೋಧಿಗೆ ಒಂದು ಕೊರತೆ ಇತ್ತು. ಕಾಳು ಕೆಂಪು. ನಮ್ಮವರಿಗೆ ಬೇಕಾಗಿದ್ದು ಜೇನುಬಣ್ಣದ ಕಾಳು, ಹಿಟ್ಟು ಬಿಳಿಯಾಗಿ, ರೊಟ್ಟಿ ಮೆತ್ತಗಾಗುವಂಥದ್ದು. ಮಂಡಿಯಲ್ಲಿ ಕೆಂಪು ಗೋಧಿಗೆ ದರ ಕಡಿಮೆ ಸಿಕ್ಕಿತು. ಮೆಕ್ಸಿಕೊದಿಂದ ಬಂದ ಬೆರಕೆ ಸಾಲುಗಳಿಂದಲೇ ಇಲ್ಲಿನ ವಿಜ್ಞಾನಿಗಳು ಆರಿಸಿದ ‘ಕಲ್ಯಾಣ್ ಸೋನಾ’ ಮತ್ತು ‘ಸೋನಾಲಿಕಾ’ 1967ರಲ್ಲಿ ಬಂದ ಮೇಲೆಯೇ ಕ್ರಾಂತಿ ಮನೆಮನೆಗೆ ತಲುಪಿದ್ದು. ಸುಧಾರಿತ ತಳಿಗಳ ಚರಿತ್ರೆಯಲ್ಲಿ ಇದು ಮತ್ತೆಮತ್ತೆ ಕಾಣುವ ಸಂಗತಿ. ಹೊಲ ಒಪ್ಪಿದ್ದನ್ನು ನಾಲಿಗೆ ಒಪ್ಪದಿದ್ದರೆ ತಳಿ ಸೋಲುತ್ತದೆ. ತಿರುವನಂತಪುರದಲ್ಲಿ ಇದಕ್ಕೆ ಇನ್ನೂ ತೀಕ್ಷ್ಣವಾದ ನಿದರ್ಶನವಿದೆ, ಅದಕ್ಕೆ ಬರುತ್ತೇನೆ.

ಉತ್ತರದಲ್ಲಿ ಬೀಜ ಬಿತ್ತುತ್ತಿದ್ದ ಆ ವರ್ಷಗಳಲ್ಲಿ ಕೇರಳ ಏನು ಉಣ್ಣುತ್ತಿತ್ತು? 1964ರಲ್ಲಿ ದಕ್ಷಿಣದ ರಾಜ್ಯಗಳ ನಡುವಿನ ಧಾನ್ಯ ಸಾಗಾಟಕ್ಕೆ ಕಡಿವಾಣ ಬಿತ್ತು. ಆಂಧ್ರದ ಅಕ್ಕಿ ಮೊದಲಿನಂತೆ ಬರಲಿಲ್ಲ. ಅದೇ ಹೊತ್ತಿಗೆ ಇಡೀ ರಾಜ್ಯಕ್ಕೆ ಪಡಿತರ ಬಂತು. ಬಡವರಿಗೆ ಮಾತ್ರ ಎಂಬ ಭೇದವಿಲ್ಲದೆ, ಸ್ವಂತ ಗದ್ದೆಯಿಂದ ಸಾಕಾಗುವಷ್ಟು ಬೆಳೆಯುವವರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಕಾರ್ಡು. 1966ರ ಕೇರಳ ಪಡಿತರ ಆದೇಶ ಇದಕ್ಕೆ ಕಾನೂನಿನ ಬಲ ಕೊಟ್ಟಿತು. 1965ರಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತ್ತು. 1965, 1966 ಎರಡೂ ವರ್ಷ ಮುಂಗಾರು ಕೈಕೊಟ್ಟು, 1966ರಲ್ಲಿ ದೇಶ ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿತು. ಅದರಲ್ಲಿ ಬಹುಪಾಲು ಪಿ.ಎಲ್. 480 ಎಂಬ ನೆರವಿನಡಿ ಬಂದ ಅಮೆರಿಕದ ಗೋಧಿ. ಅಧ್ಯಕ್ಷ ಜಾನ್ಸನ್ ಹಡಗು ಹಡಗಿಗೂ ಷರತ್ತು ಹಾಕುತ್ತಿದ್ದ ಕಾಲ. ಪಡಿತರದ ಅಕ್ಕಿ ಕಡಿಮೆಯಾದಾಗ 1966ರಲ್ಲಿ ಕೇರಳದ ಬೀದಿಗಳಲ್ಲಿ ವಿದ್ಯಾರ್ಥಿಗಳೂ ಕೂಲಿಕಾರರೂ ಪ್ರತಿಭಟಿಸಿದರು. ಅಕ್ಕಿ ಸಾಲದ ಜಾಗಕ್ಕೆ ಗೋಧಿ ಬಂದದ್ದು ಹೀಗೆ, ಇಷ್ಟದಿಂದಲ್ಲ.

ಅದೇ ಅಮೆರಿಕದ ಧಾನ್ಯ ಕೇರ್ ಎಂಬ ನೆರವು ಸಂಸ್ಥೆಯ ಮೂಲಕ ಶಾಲೆಗಳಿಗೂ ಬಂತು. ಅರವತ್ತು, ಎಪ್ಪತ್ತರ ದಶಕದಲ್ಲಿ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಆ ಉಪ್ಪಿಟ್ಟು, ಆ ಹಾಲಿನ ಪುಡಿ ನೆನಪಿರುತ್ತದೆ. ಮಲಯಾಳಿಗಳಿಗೂ ಅದೇ ನೆನಪು, ಅವರು ‘ಉಪ್ಪುಮಾವು’ ಎನ್ನುತ್ತಾರೆ. ಕಾಸರಗೋಡಿನ ಕನ್ನಡ ಮಕ್ಕಳು 1956ರ ನವೆಂಬರ್ 1ರ ನಂತರ ಕೇರಳದ ಮಕ್ಕಳಾಗಿ, ತಿರುವನಂತಪುರದಿಂದ ನಿಗದಿಯಾದ ಪಡಿತರವನ್ನೇ ಉಂಡು ಬೆಳೆದರು.

ಇನ್ನು, ಬರುತ್ತೇನೆ ಎಂದಿದ್ದ ತಿರುವನಂತಪುರದ ನಿದರ್ಶನ: ಮರಗೆಣಸು. ಹತ್ತೊಂಬತ್ತನೇ ಶತಮಾನದಲ್ಲಿ ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜರು ಅದನ್ನು ಬೆಳೆಸಲು ಉತ್ತೇಜನ ಕೊಟ್ಟರು. ಬರ್ಮಾದ ಅಕ್ಕಿ ನಿಂತಾಗ ಬಡವರನ್ನು ಉಳಿಸಿದ್ದು ಅದೇ. ಸಿಪ್ಪೆ ಸುಲಿದು, ಕತ್ತರಿಸಿ, ಕುದಿಸಿ, ವಿಷದ ನೀರು ಬಸಿದು, ಕಾಯಿ ಮೆಣಸು ಅರೆದು ಹಾಕಿ ಕಲಸಿದ ಮರಗೆಣಸಿನ ಜೊತೆ ನಮ್ಮ ಕರಾವಳಿಯವರು ಭೂತಾಯಿ ಎನ್ನುವ ಮತ್ತಿ ಮೀನಿನ ಸಾರು. ಗೆಣಸಿನಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನಿಲ್ಲ. ಪ್ರೋಟೀನು ಕೊಟ್ಟದ್ದು ಮೀನು. ಮೀನು ಸಿಗದ ದಿನ ಹೊಟ್ಟೆ ತುಂಬಿದರೂ ಮೈ ಸೊರಗುತ್ತಿತ್ತು. ಇದನ್ನು ತುಂಬಲೆಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಐವತ್ತರ ದಶಕದಲ್ಲಿ ಮರಗೆಣಸಿನ ಹಿಟ್ಟು, ಕಡಲೆಕಾಯಿ ಹಿಟ್ಟು, ಗೋಧಿ ರವೆ ಸೇರಿಸಿ ಅಕ್ಕಿಯ ಬದಲಿಗೆ ಉಣ್ಣಬಹುದಾದ ‘ಮ್ಯಾಕರೋನಿ’ ಮಾಡಿತು. ಪೋಷಣೆಯ ಲೆಕ್ಕದಲ್ಲಿ ಅದು ಒಳ್ಳೆಯ ಆಹಾರ. ಕೇರಳದ ಜನ ಅದನ್ನು ಒಪ್ಪಲಿಲ್ಲ.

1963ರಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಶುರುವಾಯಿತು. ಗೋಧಿಯಲ್ಲಿ ಬೋರ್ಲಾಗ್ ಮಾಡಿದ್ದನ್ನು ಮರಗೆಣಸಿನಲ್ಲಿ ಮಾಡುವ ಕೆಲಸ. ಎಚ್ 97, ಎಚ್ 165, ಎಚ್ 226 ಎಂಬ ಸಂಕರ ತಳಿಗಳು ಎಪ್ಪತ್ತರ ದಶಕದ ಆರಂಭದಲ್ಲೇ ಹೊರಬಂದವು. ಇಳುವರಿ ಗಣನೀಯವಾಗಿ ಹೆಚ್ಚು. ಆದರೆ ಕೇರಳದ ರೈತರು ಮಲಯಾದಿಂದ ಬಂದ ‘ಎಂ 4’ ಎಂಬ ಹಳೆಯ ತಳಿಯನ್ನೇ ಹಿಡಿದುಕೊಂಡರು. ಅದು ಬೆಂದರೆ ಹಿಟ್ಟಿನಂತೆ ಅರಳುತ್ತದೆ, ಕಹಿಯಿಲ್ಲ. ಹೊಸ ತಳಿಗಳು ಗಡಿ ದಾಟಿ ತಮಿಳುನಾಡಿನ ಸೇಲಂ ಕಡೆ ಹೋಗಿ ಸಬ್ಬಕ್ಕಿ ಮತ್ತು ಪಿಷ್ಟದ ಕಾರ್ಖಾನೆಗಳಿಗೆ ಕಚ್ಚಾಮಾಲಾದವು. ಹಸಿದವರಿಗೆಂದು ರೂಪಿಸಿದ ಬೀಜ ಕೈಗಾರಿಕೆಗೆ ದುಡಿಯಿತು. ಇದರಲ್ಲಿ ವಿಜ್ಞಾನಿಗಳ ತಪ್ಪಿಲ್ಲ. ಬೀಜ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸುವುದಿಲ್ಲ.

ಹಸಿವನ್ನು ಅಳೆಯುವ ಬಗೆಯ ಮೇಲೂ ತಿರುವನಂತಪುರದಲ್ಲೇ ದೊಡ್ಡ ಜಗಳ ನಡೆಯಿತು. 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ದೇಶದ ಬಡತನವನ್ನು ಕ್ಯಾಲೊರಿಯ ಅಳತೆಯಲ್ಲಿ ಲೆಕ್ಕ ಹಾಕಿದಾಗ ಕೇರಳದ ಬಹುಪಾಲು ಜನ ಬಡತನದ ರೇಖೆಯ ಕೆಳಗೆ ಬಿದ್ದರು. ಅಷ್ಟು ಹಸಿದ ಜನ ಉಳಿದ ರಾಜ್ಯಗಳವರಿಗಿಂತ ಹೆಚ್ಚು ವರ್ಷ ಬದುಕುತ್ತಿದ್ದದ್ದು ಹೇಗೆ? ಉಳ್ಳೂರಿನಲ್ಲಿ, ಲಾರಿ ಬೇಕರ್ ಕಟ್ಟಿದ ಇಟ್ಟಿಗೆಯ ಕಟ್ಟಡಗಳಲ್ಲಿ ನಡೆಯುವ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಕೆ.ಎನ್. ರಾಜ್ ಮತ್ತು ಸಂಗಡಿಗರು ವಿಶ್ವಸಂಸ್ಥೆಗಾಗಿ ಸಿದ್ಧಪಡಿಸಿ 1975ರಲ್ಲಿ ಪ್ರಕಟವಾದ ವರದಿಯಲ್ಲಿ ಇದನ್ನು ಬಿಡಿಸಿಟ್ಟರು. ಧಾನ್ಯವನ್ನು ಎಣಿಸಿದವರು ಹಿತ್ತಲಿನ ಮರಗೆಣಸು, ತೆಂಗಿನಕಾಯಿ, ಹಲಸುಗಳನ್ನು ಸರಿಯಾಗಿ ಎಣಿಸಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಶಾಲೆ, ಆಸ್ಪತ್ರೆ, ಪಡಿತರ, ಕೂಲಿ ಸಂಘಟನೆಗಳು ಕಡಿಮೆ ಧಾನ್ಯದಲ್ಲೂ ಮಕ್ಕಳನ್ನು ಉಳಿಸಿದ್ದವು. ಗೋಧಿಯ ಟನ್ನುಗಳಿಂದ ಹಸಿವಿನ ಇಳಿಕೆಯನ್ನು ನೇರವಾಗಿ ಓದಿ ಹೇಳುವವರು ಈ ವರದಿಯನ್ನು ಇಂದಿಗೂ ಓದಬೇಕು.

ಇಷ್ಟು ಹೇಳಿ, ಹಾಗಾದರೆ ಗೋಧಿ ತಳಿಗಳಿಂದ ಕೇರಳಕ್ಕೆ ಏನೂ ಆಗಲಿಲ್ಲ ಎಂದರೆ ಅದು ದೊಡ್ಡ ಸುಳ್ಳು. ಪಡಿತರ ಅಂಗಡಿಗೆ ಮಾಲು ಎಲ್ಲಿಂದ ಬರುತ್ತಿತ್ತು? ಎಪ್ಪತ್ತರ ದಶಕದಿಂದ ಪಂಜಾಬ್, ಹರಿಯಾಣಗಳ ಹೆಚ್ಚುವರಿಯನ್ನು ಆಹಾರ ನಿಗಮ ಕೊಂಡು ರೈಲಿಗೆ ತುಂಬಿ ದಕ್ಷಿಣಕ್ಕೆ ಕಳಿಸಿತು. ಹಡಗನ್ನು ಕಾಯುವುದು ತಪ್ಪಿತು. ಎಲ್ಲರಿಗೂ ಪಡಿತರ ಎಂಬ ಮಾತು ಗೋದಾಮು ತುಂಬಿದ್ದಾಗ ಮಾತ್ರ ನಡೆಯುವ ಮಾತು. 1974ರಲ್ಲಿ ಸ್ಥಾಪನೆಯಾಗಿ ಕೊಚ್ಚಿಯಿಂದ ಕೆಲಸ ಮಾಡುವ ರಾಜ್ಯದ ನಾಗರಿಕ ಸರಬರಾಜು ನಿಗಮ ಸಪ್ಲೈಕೋ, ಅದರ ಮಾವೇಲಿ ಸ್ಟೋರುಗಳು, ಸುಮಾರು 14,000 ಪಡಿತರ ಅಂಗಡಿಗಳು, ಇವೆಲ್ಲದರ ಹಿಂದೆ ಉತ್ತರದ ಆ ಗಿಡ್ಡ ಪೈರು ಇದೆ.

ಅದರ ಇನ್ನೊಂದು ಪರಿಣಾಮವನ್ನು ಮಲಯಾಳಿಗಳೇ ನೋವಿನಿಂದ ಹೇಳುತ್ತಾರೆ. ಹೊರಗಿನ ಧಾನ್ಯ ಖಾತ್ರಿಯಾದ ಮೇಲೆ ಗದ್ದೆಗಳು ತೆಂಗಿಗೆ, ರಬ್ಬರಿಗೆ, ಮನೆ ನಿವೇಶನಕ್ಕೆ ಹೋದವು. 1974–75ರಲ್ಲಿ 8.8 ಲಕ್ಷ ಹೆಕ್ಟೇರ್ ಇದ್ದ ಭತ್ತ ಈಗ 2 ಲಕ್ಷ ಹೆಕ್ಟೇರಿನ ಆಸುಪಾಸು. ಸ್ವಾಮಿನಾಥನ್ ಅವರ ಮಂಕೊಂಬಿನಲ್ಲೇ ಇರುವ ಭತ್ತದ ಸಂಶೋಧನಾ ಕೇಂದ್ರ ರೂಪಿಸಿದ ‘ಉಮಾ’ ತಳಿ ಕುಟ್ಟನಾಡನ್ನು ತುಂಬಿದರೂ, ಕೇರಳದ ಮನೆಗಳು ಬಯಸುವ ‘ಜಯ’ ಅಕ್ಕಿ ಗೋದಾವರಿ ತೀರದಿಂದ ಬರಬೇಕು. 1942ರಲ್ಲಿ ಬರ್ಮಾವನ್ನು ನಂಬಿದಂತೆ ಈಗ ಆಂಧ್ರವನ್ನೂ ಪಂಜಾಬನ್ನೂ ನಂಬಿದ ಬದುಕು ಅದು. ಅಂದಿಗೂ ಇಂದಿಗೂ ವ್ಯತ್ಯಾಸವೆಂದರೆ ಈಗ ನಡುವೆ ಒಂದು ಸರ್ಕಾರಿ ಗೋದಾಮು ಇದೆ, ಕೈಯಲ್ಲಿ ಒಂದು ಕಾರ್ಡು ಇದೆ. ಹಸಿವಿನ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ.

ಈಗ ಎರಡು ಅಂಕಿಗಳನ್ನು ಒಟ್ಟಿಗೆ ಇಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ದೇಶದಲ್ಲಿ ಶೇ. 35.5. ದೇಶದಲ್ಲೇ ಅತಿ ಹೆಚ್ಚು ಗೋಧಿ ಬೆಳೆಯುವ ಉತ್ತರ ಪ್ರದೇಶದಲ್ಲಿ ಶೇ. 39.7. ಗೋಧಿ ಬೆಳೆಯದ ಕೇರಳದಲ್ಲಿ ಶೇ. 23.4. ನಮ್ಮ ಕರ್ನಾಟಕ ಶೇ. 35.4ರಲ್ಲಿ ನಿಂತಿದೆ, ಅದು ನಾವು ತಲೆ ಎತ್ತಿ ಹೇಳುವ ಅಂಕಿಯಲ್ಲ. ಪಂಜಾಬಿನಲ್ಲಿ ಕುಳ್ಳ ಮಕ್ಕಳು ಶೇ. 24.5 ಇದ್ದರೂ, ಆ ಕಣಜದ ಶೇ. 58.7 ಹೆಂಗಸರಿಗೆ ರಕ್ತಹೀನತೆ. ಕೇರಳದಲ್ಲಿ ಅದು ಶೇ. 36.3. ಧಾನ್ಯ ಎಲ್ಲಿ ಬೆಳೆಯುತ್ತದೆ ಎಂಬುದಕ್ಕೂ ಹಸಿವು ಎಲ್ಲಿ ತೀರುತ್ತದೆ ಎಂಬುದಕ್ಕೂ ಇರುವ ನಂಟು ಎಷ್ಟು ಸಡಿಲ ಎಂಬುದು ಇದರಿಂದ ತಿಳಿಯುತ್ತದೆ. ಕ್ಷಾಮದಲ್ಲಿ ಜನ ಸಾಯುವುದು ಆಹಾರ ಇಲ್ಲದ್ದರಿಂದ ಮಾತ್ರವಲ್ಲ, ಇರುವ ಆಹಾರದ ಮೇಲೆ ತಮಗೆ ಹಕ್ಕಿಲ್ಲದ್ದರಿಂದ ಎಂದು ಅಮರ್ತ್ಯ ಸೇನ್ 1981ರಲ್ಲಿ ಬಂಗಾಳದ ಕ್ಷಾಮವನ್ನೇ ಮುಂದಿಟ್ಟು ವಾದಿಸಿದರು. ಕೇರಳ ಆ ಹಕ್ಕನ್ನು ಕಾರ್ಡಿನ ರೂಪದಲ್ಲಿ ಕೊಟ್ಟಿತ್ತು. 1997ರಲ್ಲಿ ಕೇಂದ್ರ ಸರ್ಕಾರ ಬಡತನದ ರೇಖೆ ಎಳೆದು ಪಡಿತರದಾರರನ್ನು ವಿಂಗಡಿಸಿದಾಗ ಎಲ್ಲರನ್ನೂ ಒಳಗೊಂಡಿದ್ದ ಆ ವ್ಯವಸ್ಥೆಗೆ ಏಟು ಬಿತ್ತು. ಇಂದು ಅಲ್ಲಿನ ಕಾರ್ಡುಗಳಿಗೆ ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ನಾಲ್ಕು ಬಣ್ಣ. ಕೇರಳದ ಚಿತ್ರ ಪೂರ್ತಿ ಬೆಳ್ಳಗಿಲ್ಲ. ಹಿಂದಿನ ಸಮೀಕ್ಷೆಯಲ್ಲಿ ಶೇ. 19.7 ಇದ್ದ ಕುಳ್ಳ ಮಕ್ಕಳ ಪ್ರಮಾಣ ಏರಿದೆ. 2013ರಲ್ಲಿ ಪಾಲಕ್ಕಾಡು ಜಿಲ್ಲೆಯ ಅಟ್ಟಪ್ಪಾಡಿಯ ಬುಡಕಟ್ಟು ಹಾಡಿಗಳಲ್ಲಿ ಹಸುಗೂಸುಗಳು ಒಂದರ ಹಿಂದೆ ಒಂದು ಸತ್ತದ್ದು ದೇಶಕ್ಕೆಲ್ಲ ಗೊತ್ತಾಯಿತು.

ಹೊರಜಗತ್ತಿನ ಲೆಕ್ಕವೂ ಇದಕ್ಕೆ ದೂರವಿಲ್ಲ. ಅರ್ಥಶಾಸ್ತ್ರಜ್ಞರಾದ ಎವೆನ್ಸನ್ ಮತ್ತು ಗೊಲಿನ್ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ಗೋಧಿ, ಭತ್ತ ಮೊದಲಾದ ಸುಧಾರಿತ ತಳಿಗಳು ಬಾರದೇ ಹೋಗಿದ್ದರೆ ಅಭಿವೃದ್ಧಿಶೀಲ ದೇಶಗಳಲ್ಲಿ ಅಪೌಷ್ಟಿಕ ಮಕ್ಕಳ ಪ್ರಮಾಣ ಶೇ. 6ರಿಂದ 8ರಷ್ಟು ಹೆಚ್ಚಿರುತ್ತಿತ್ತು ಎಂದು ಅಂದಾಜು ಮಾಡಿದರು. ಅಂದರೆ ಕೋಟಿಗಟ್ಟಲೆ ಮಕ್ಕಳು. ಬೀಜವನ್ನು ಹಗುರಾಗಿ ತಳ್ಳಿಹಾಕುವವರು ಈ ಮಕ್ಕಳನ್ನು ಎದುರಿಗಿಟ್ಟುಕೊಂಡು ಮಾತಾಡಬೇಕು. ಆದರೆ ಅದೇ ಬೀಜ ನೀರಾವರಿ, ರಸ್ತೆ, ಖರೀದಿ ಇಲ್ಲದ ಆಫ್ರಿಕಾದ ಬಹುಭಾಗವನ್ನು ದಶಕಗಳ ಕಾಲ ಮುಟ್ಟಲಿಲ್ಲ. 2024ರಲ್ಲೂ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದಾರೆ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಹೇಳಿವೆ.

ಆಫ್ರಿಕಾದವರೆಗೆ ಹೋಗಬೇಕಿಲ್ಲ. ಧಾರವಾಡ, ಗದಗ, ವಿಜಯಪುರ, ಬೆಳಗಾವಿಯ ಎರೆಹೊಲಗಳಲ್ಲಿ ಹಿಂಗಾರಿನ ತೇವವನ್ನಷ್ಟೇ ನಂಬಿ ಗೋಧಿ ಬಿತ್ತುವ ರೈತರಿಗೆ ಲರ್ಮಾ ರೋಹೊದಿಂದ ಏನೂ ದಕ್ಕಲಿಲ್ಲ. ನೀರಿಲ್ಲದ ಕಡೆ ಗಿಡ್ಡ ಗೋಧಿ ತನ್ನ ಗುಣ ತೋರಿಸುವುದಿಲ್ಲ. ಇಂದಿಗೂ ಕರ್ನಾಟಕದ ಗೋಧಿ ಇಳುವರಿ ಪಂಜಾಬಿನದರ ಹತ್ತಿರಕ್ಕೂ ಬರುವುದಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಹೊಲಗಳಿಗೆ ಒಗ್ಗುವ ತಳಿಗಳ ಮೇಲೆ ಬಹುಕಾಲದಿಂದ ದುಡಿದಿದೆ. ಹುಗ್ಗಿಗೆ, ಮಾದಲಿಗೆ, ಶ್ಯಾವಿಗೆಗೆ ಬೇಕಾದ ಜವೆಗೋಧಿಯಲ್ಲಿ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಕೊಟ್ಟಿದೆ. ಬೇಯಿಸಿದರೆ ಗಂಜಿಯಾಗದೆ ಕಾಳು ಕಾಳಾಗಿ ಉಳಿಯುವ ಈ ಗೋಧಿಯನ್ನು ಉತ್ತರದವರು ಎಂದೋ ಕೈಬಿಟ್ಟರು. ದಕ್ಷಿಣ ಕರ್ನಾಟಕದ ಬಡವರ ಹೊಟ್ಟೆಗೆ ಬಂದ ಕ್ರಾಂತಿಯಂತೂ ಗೋಧಿಯದಲ್ಲ. ಅದು ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಕೊಟ್ಟ ಇಂಡಾಫ್ ತಳಿಗಳದು. ಅವರ ಹೆಸರು ಬೋರ್ಲಾಗ್ ಹೆಸರಿನಷ್ಟು ನಮ್ಮ ಶಾಲಾಪುಸ್ತಕಗಳಲ್ಲಿ ಇರಬೇಕಿತ್ತು.

ಗೋಧಿ ತಳಿಗಳ ಆಯಸ್ಸಿನಲ್ಲಿ ದಕ್ಷಿಣಕ್ಕೆ ಇನ್ನೊಂದು ಪಾತ್ರವಿದೆ. ಕೇರಳದ ಬೆಟ್ಟಗಳಿಗೆ ಹೊಂದಿಕೊಂಡ ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ ತುಕ್ಕುರೋಗದ ಶಿಲೀಂಧ್ರ ಬೇಸಗೆಯಲ್ಲೂ ಬದುಕಿ ಉಳಿದು, ಅಲ್ಲಿಂದ ಗಾಳಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ, ಮಧ್ಯಭಾರತದ ಹೊಲಗಳಿಗೆ ಹರಡುತ್ತದೆ ಎಂಬುದನ್ನು ಸಸ್ಯರೋಗ ತಜ್ಞ ಕೆ.ಸಿ. ಮೆಹ್ತಾ ಅವರ ದಶಕಗಳ ಶೋಧ ತೋರಿಸಿತು. ಊಟಿಯ ಹತ್ತಿರದ ವೆಲಿಂಗ್ಟನ್‌ನಲ್ಲಿ 1954ರಿಂದ ಗೋಧಿ ಸಂಶೋಧನಾ ಕೇಂದ್ರವಿದೆ. ಉತ್ತರದಲ್ಲಿ ಗೋಧಿಯೇ ಇಲ್ಲದ ಮಳೆಗಾಲದಲ್ಲಿ ಅಲ್ಲಿ ಎರಡನೇ ಪೀಳಿಗೆ ಬೆಳೆಯುತ್ತಾರೆ, ತುಕ್ಕು ತಡೆಯುವ ಸಾಲುಗಳನ್ನು ಆರಿಸುತ್ತಾರೆ. ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ಇಡೀ ಬಯಲನ್ನು ಆಕ್ರಮಿಸಿದ್ದ ಕಲ್ಯಾಣ್ ಸೋನಾ ಕೆಲವೇ ವರ್ಷಗಳಲ್ಲಿ ತುಕ್ಕಿಗೆ ಸೋತಿತು.

ಈ ಅಪಾಯವನ್ನು ಕ್ರಾಂತಿಯ ಹೊಸ್ತಿಲಲ್ಲೇ ಹೇಳಿದವರು ಸ್ವಾಮಿನಾಥನ್. 1968ರ ಜನವರಿಯಲ್ಲಿ ವಾರಾಣಸಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ, ಮಣ್ಣನ್ನು ಕಾಯದೆ, ಅಂತರ್ಜಲವನ್ನು ಮಿತಿಯಿಲ್ಲದೆ ಎಳೆದು, ಊರಿಗೆ ಒಗ್ಗಿದ ಹತ್ತಾರು ತಳಿಗಳ ಜಾಗದಲ್ಲಿ ಒಂದೆರಡನ್ನೇ ಬಿತ್ತಿದರೆ ಮುಂದೆ ದೊಡ್ಡ ಅನಾಹುತ ಕಾದಿದೆ ಎಂದು ಎಚ್ಚರಿಸಿದರು. ಅದೇ ವರ್ಷ ಸರ್ಕಾರ ಗೋಧಿ ಕ್ರಾಂತಿಯ ಅಂಚೆಚೀಟಿ ಹೊರಡಿಸಿತು. ಚೀಟಿ ಎಲ್ಲರಿಗೂ ಗೊತ್ತಾಯಿತು, ಎಚ್ಚರಿಕೆಯನ್ನು ಕೇಳಿಸಿಕೊಂಡವರು ಕಡಿಮೆ.

2022ರ ಮಾರ್ಚ್‌ನಲ್ಲಿ ಉತ್ತರದ ಗೋಧಿ ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿತು. 1901ರಿಂದೀಚೆಗೆ ಅಷ್ಟು ಬಿಸಿಯ ಮಾರ್ಚ್ ದಾಖಲಾಗಿರಲಿಲ್ಲ. ಕಾಳು ತುಂಬುವ ದಿನಗಳಲ್ಲಿ ಸೆಕೆ ಏರಿದರೆ ಗಿಡ ಅವಸರದಲ್ಲಿ ಮಾಗುತ್ತದೆ, ಕಾಳು ಸುಕ್ಕುತ್ತದೆ. ಉಕ್ರೇನ್ ಯುದ್ಧದಿಂದ ದರ ಏರಿದ್ದರಿಂದ ವ್ಯಾಪಾರಿಗಳು ಹೊಲದ ಬಳಿಯೇ ಕೊಂಡರು, ಸರ್ಕಾರದ ಖರೀದಿ ಕುಸಿಯಿತು. ಮೇ 13ರಂದು ರಫ್ತು ನಿಷೇಧವಾಯಿತು. ಅದೇ ತಿಂಗಳಿಂದ ಉಚಿತ ಧಾನ್ಯ ಯೋಜನೆಯಲ್ಲಿ ಗೋಧಿಯನ್ನು ಪೂರ್ತಿ ನಿಲ್ಲಿಸಿ ಅಕ್ಕಿ ಕೊಟ್ಟದ್ದು ಮೂರು ರಾಜ್ಯಗಳಿಗೆ: ಬಿಹಾರ, ಉತ್ತರ ಪ್ರದೇಶ ಮತ್ತು ಕೇರಳ. ಇಷ್ಟು ಹೊತ್ತಿಗೆ ಗೋಧಿ ಕೇರಳದ ರಾತ್ರಿಯೂಟವಾಗಿತ್ತು. ಮಧುಮೇಹ ಮನೆಮನೆಗೂ ಬಂದಿರುವ ಆ ರಾಜ್ಯದಲ್ಲಿ ವಯಸ್ಸಾದವರ ತಟ್ಟೆಗೆ ಸಂಜೆ ಚಪಾತಿಯೋ, ನುಚ್ಚುಗೋಧಿಯ ಗಂಜಿಯೋ ಬೀಳುತ್ತದೆ. ಅರವತ್ತರ ದಶಕದಲ್ಲಿ ಬೇಡವೆಂದರೂ ಬಂದ ಗೋಧಿ 2022ರಲ್ಲಿ ಬೇಕೆಂದಾಗ ಇಲ್ಲವಾಯಿತು. ಬಿಸಿ ತಾಳುವ ತಳಿ ಪಂಜಾಬಿನ ರೈತನಿಗೆಷ್ಟು ಮುಖ್ಯವೋ ಕೊಚ್ಚಿಯ ಕಾರ್ಡುದಾರನಿಗೂ ಅಷ್ಟೇ ಮುಖ್ಯ.

ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ವಸ್ತು ಅಂಗನವಾಡಿಯ ಒಂದು ಪೊಟ್ಟಣ. ಹೆಸರು ‘ಅಮೃತಂ ನ್ಯೂಟ್ರಿಮಿಕ್ಸ್’. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಕೇರಳದಾದ್ಯಂತ ಕೊಡುವ ಹಿಟ್ಟು ಅದು. ಅದರ ಪಾಕವನ್ನು ರೂಪಿಸಿದ್ದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ತಯಾರಿಸುವವರು ಕುಟುಂಬಶ್ರೀ ಎಂಬ ಸ್ವಸಹಾಯ ಜಾಲದ ಹೆಂಗಸರ ಸಣ್ಣ ಘಟಕಗಳು. ಗೋಧಿ, ಕಡಲೆ, ಸೋಯಾ, ಕಡಲೆಕಾಯಿಗಳನ್ನು ಹುರಿದು ಪುಡಿಮಾಡಿ ಸಕ್ಕರೆ ಸೇರಿಸುತ್ತಾರೆ. ಅರ್ಧಕ್ಕೆ ಹತ್ತಿರ ಗೋಧಿಯೇ. ಅದು ಕೇಂದ್ರದ ಗೋಧಿ ಆಧಾರಿತ ಪೋಷಣಾ ಕಾರ್ಯಕ್ರಮದಡಿ ಆಹಾರ ನಿಗಮದ ಗೋದಾಮಿನಿಂದ ಬರುತ್ತದೆ. ಮೈಸೂರಿನ ಮ್ಯಾಕರೋನಿ ಸೋತಲ್ಲಿ ಈ ಹಿಟ್ಟು ಗೆದ್ದಿತು, ಏಕೆಂದರೆ ಊರಿನ ಹೆಂಗಸರೇ ಹುರಿಯುವ, ತಾಯಂದಿರು ಕುದಿಸಿ ಕುರುಕ್ಕು ಎಂಬ ಗಟ್ಟಿ ಗಂಜಿ ಮಾಡಿ ಉಣಿಸಬಲ್ಲ ಪರಿಚಿತ ಆಹಾರ ಅದು.

ಈಗ ನಮ್ಮಲ್ಲಿ ಸತುವಿನ ಅಂಶ ಹೆಚ್ಚಿರುವ ಗೋಧಿ ತಳಿಗಳಿವೆ. ಸಾಮಾನ್ಯ ಗೋಧಿಯ ಕಿಲೋದಲ್ಲಿ ಸುಮಾರು 32 ಮಿಲಿಗ್ರಾಂ ಸತುವಿದ್ದರೆ ‘ಡಬ್ಲ್ಯುಬಿ 02’ರಲ್ಲಿ 42 ಮಿಲಿಗ್ರಾಂ. ಮಕ್ಕಳ ಬೆಳವಣಿಗೆಗೆ, ಭೇದಿ ತಡೆಯುವ ಶಕ್ತಿಗೆ ಸತು ಬೇಕೇ ಬೇಕು. ಆದರೆ ಸರ್ಕಾರಿ ಖರೀದಿಯಲ್ಲಿ ತೂಕ, ತೇವ, ಕಸ, ಮುರುಕು ಕಾಳು ನೋಡುತ್ತಾರೆ, ತಳಿ ಕೇಳುವುದಿಲ್ಲ. ಎಲ್ಲ ಗೋಧಿಯೂ ಒಂದೇ ರಾಶಿ ಸೇರುತ್ತದೆ. ಹತ್ತು ವರ್ಷ ಚಿಮಟ ಹಿಡಿದು ಕಾಳಿಗೆ ತುಂಬಿದ ಸತು ಗೋದಾಮಿನ ಬಾಗಿಲಲ್ಲಿ ಉಳಿದದ್ದರೊಂದಿಗೆ ಬೆರೆತುಹೋಗುತ್ತದೆ. ಸತುವಿನ ಗೋಧಿಯನ್ನು ಬೆಳೆದವರಿಗೆ ಸ್ವಲ್ಪ ಹೆಚ್ಚಿನ ದರ ಕೊಟ್ಟು, ಬೇರೆ ಚೀಲದಲ್ಲಿ ತುಂಬಿ, ಮೊದಲು ಅಂಗನವಾಡಿಯ ಪಾಲಿಗೆ ಕಳಿಸುವುದಕ್ಕೆ ಹೊಸ ವಿಜ್ಞಾನ ಬೇಕಿಲ್ಲ. ಅಂಗನವಾಡಿಗೆ ಬೇಕಾಗುವುದು ಇಡೀ ಖರೀದಿಯ ಸಣ್ಣ ಪಾಲು, ಕೊಳ್ಳುವವರೂ ಹಂಚುವವರೂ ಒಂದೇ ಸರ್ಕಾರ. ಕೇರಳದ ಘಟಕಗಳಿಂದ ಶುರುಮಾಡಿ, ಆಮೇಲೆ ರಾಯಚೂರು, ಯಾದಗಿರಿ, ಕಲಬುರಗಿಯ ಅಂಗನವಾಡಿಗಳಿಗೆ ತಂದರೆ ಕರ್ನಾಟಕದ ಶೇ. 35.4 ಎಂಬ ಅಂಕಿ ಎಷ್ಟು ಇಳಿಯುತ್ತದೆ ಎಂಬುದನ್ನು ನಾಲ್ಕೈದು ವರ್ಷದಲ್ಲಿ ಅಳೆದು ನೋಡಬಹುದು.